ಸಿಹಿ ಬೇಡ ಅಂದವಳಿಗೆ ಚೀಸ್ ಸ್ಕೋನ್

ರಜೆಗೆ ಬಂದಿದ್ದ ಅಕ್ಕನ ಮಗಳು "ಚಿಕ್ಕಮ್ಮ, ಏನಾದ್ರೂ ಬೇಕ್ ಮಾಡೋಣ, ಆದ್ರೆ ಸಿಹಿ ಮಾತ್ರ ಬೇಡ" ಅಂದಳು. ನನಗೆ ಬೇಕಾಗಿದ್ದೂ ಅದೇ. ಬೇಕಿಂಗ್ ಅಂದರೆ ಕೇಕು, ಸಕ್ಕರೆ, ಕ್ರೀಮು ಅಂತಲೇ ತುಂಬಾ ಜನ ಅಂದುಕೊಂಡಿರುತ್ತಾರೆ. ಉಪ್ಪು, ಖಾರ, ಚೀಸ್ ಸೇರಿದ ಹಿಟ್ಟು ಅವನ್‌ನಲ್ಲಿ ಬೇಯುವಾಗ ಬರುವ ವಾಸನೆ ಅವರಿಗೆ ಗೊತ್ತಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಚೀಸ್ ಸ್ಕೋನ್ ಮಾಡೋಣ ಅಂದೆ. ಸ್ಕೋನ್ ಅಂದರೆ ಬೇಕಿಂಗ್ ಪೌಡರ್ ಹಾಕಿ ಉಬ್ಬಿಸುವ, ಬನ್ನಿನಂಥ ಪುಟ್ಟ ತಿಂಡಿ. ಯೀಸ್ಟ್ ಹಾಕಿ ಹಿಟ್ಟು ಉಬ್ಬಲಿ ಅಂತ ಗಂಟೆಗಟ್ಟಲೆ ಕಾಯುವ ರಗಳೆ ಇದರಲ್ಲಿಲ್ಲ.

ಮೊದಲು ಅವನ್ ಹಚ್ಚಿ 220 ಡಿಗ್ರಿಗೆ ಇಟ್ಟೆವು. ಇದನ್ನು ಕೊನೆಗೆ ಬಿಡಬಾರದು, ಯಾಕೆಂದರೆ ಹಾಲು ತಾಗಿದ ಕ್ಷಣದಿಂದಲೇ ಬೇಕಿಂಗ್ ಪೌಡರ್ ತನ್ನ ಕೆಲಸ ಶುರು ಮಾಡಿರುತ್ತದೆ, ಕಲಸಿದ ಹಿಟ್ಟು ಅವನ್ ಬಿಸಿಯಾಗಲಿ ಅಂತ ಕಾಯುತ್ತಾ ಕೂತರೆ ಹಿಟ್ಟನ್ನು ಉಬ್ಬಿಸಬೇಕಾದ ಗಾಳಿ ಸುಮ್ನೆ ಹೊರಗೆ ಹೋಗುತ್ತದೆ. ಡಬ್ಬಿ ತೆರೆದು ಬಹಳ ದಿನ ಆಗಿದ್ದರಿಂದ ಅರ್ಧ ಚಮಚ ಪೌಡರನ್ನು ಬಿಸಿನೀರಿಗೆ ಹಾಕಿ ನೋಡಿದೆವು. ಬುಸ್ ಅಂತ ನೊರೆ ಬಂತು. ಸರಿ, ಜೀವ ಇದೆ. ಈ ಪುಡಿಯ ಕಥೆ ಅವಳಿಗೆ ಹೇಳಿದೆ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬಾತ ಇದನ್ನು ತಯಾರಿಸಿದ್ದು ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ. ಅದಕ್ಕೂ ಮುಂಚಿನ ಸ್ಕೋನ್ ಅಂದರೆ ಸ್ಕಾಟ್ಲೆಂಡಿನಲ್ಲಿ ಕಾವಲಿಯ ಮೇಲೆ ಬೇಯಿಸುತ್ತಿದ್ದ ಚಪ್ಪಟೆ ರೊಟ್ಟಿ. ಇವತ್ತು ನಾವು ತಿನ್ನುವ ಎತ್ತರದ, ಮೆತ್ತನೆಯ ಸ್ಕೋನ್ ಈ ಪುಡಿ ಬಂದಮೇಲಿನದು.

ಅಳತೆ ಹೀಗೆ: 225 ಗ್ರಾಂ ಮೈದಾ, 3 ಮಟ್ಟಸ ಟೀ ಚಮಚ ಬೇಕಿಂಗ್ ಪೌಡರ್, 50 ಗ್ರಾಂ ಬೆಣ್ಣೆ, 125 ಗ್ರಾಂ ತುರಿದ ಚೆಡ್ಡಾರ್ ಚೀಸ್, ಅರ್ಧ ಚಮಚ ಸಾಸಿವೆ ಪುಡಿ, ಒಂದು ಚಿಟಿಕೆ ಖಾರದ ಪುಡಿ, ಸುಮಾರು 125 ಮಿಲಿ ಹಾಲು. ಉಪ್ಪು ಒಂದೇ ಚಿಟಿಕೆ ಸಾಕು, ಚೀಸ್‌ನಲ್ಲೇ ಜಾಸ್ತಿ ಇರುತ್ತದೆ. ಸಾಸಿವೆ ಪುಡಿಯನ್ನು ಬಿಡಬೇಡಿ. ಅದರ ರುಚಿ ಬೇರೆಯಾಗಿ ಗೊತ್ತಾಗುವುದಿಲ್ಲ, ಆದರೆ ಅದಿಲ್ಲದಿದ್ದರೆ ಚೀಸ್ ಸಪ್ಪೆ ಅನಿಸುತ್ತದೆ. ಚೀಸ್ ವಿಷಯದಲ್ಲಿ ನನ್ನದೊಂದು ಹಟ ಇದೆ. ಚೆನ್ನಾಗಿ ಹಳತಾದ, ಮೂಗಿಗೆ ಬಡಿಯುವಂಥ ಚೆಡ್ಡಾರ್ ತಂದು ಮನೆಯಲ್ಲೇ ತುರಿಯಬೇಕು. ತುರಿದು ಪ್ಯಾಕೆಟ್‌ನಲ್ಲಿ ಬರುವ ಚೀಸ್ ಎಳೆಗಳು ಒಂದಕ್ಕೊಂದು ಅಂಟದಿರಲಿ ಅಂತ ಸ್ಟಾರ್ಚ್ ಥರದ್ದೇನೋ ಸವರಿರುತ್ತಾರೆ, ಅದು ಅಷ್ಟು ಚೆನ್ನಾಗಿ ಕರಗುವುದಿಲ್ಲ. ಹಳತಾಗದ ಚೀಸ್ ಎಷ್ಟು ಸುರಿದರೂ ಮೈದಾದ ನಡುವೆ ಅದರ ರುಚಿ ಮುಳುಗಿಹೋಗುತ್ತದೆ.

ಬೆಣ್ಣೆಯದ್ದೇ ನಿಜವಾದ ಆಟ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಗಟ್ಟಿ ಬೆಣ್ಣೆಯನ್ನು ಸಣ್ಣ ಚೌಕ ಮಾಡಿ ಹಿಟ್ಟಿಗೆ ಹಾಕಿ, ಬೆರಳ ತುದಿಯಲ್ಲಿ ಮಾತ್ರ ಉಜ್ಜುತ್ತಾ ಹೋಗಬೇಕು. ಅಂಗೈ ಬಿಸಿ, ತುದಿ ತಂಪು. ಬೆಣ್ಣೆ ಮೈ ಬಿಸಿಗಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದಲ್ವಾ, ಅದಕ್ಕೇ ಈ ಜಾಗ್ರತೆ. ಅಕ್ಕನ ಮಗಳು ಬಟ್ಟಲಿಗೆ ಕೈ ಹಾಕಿ, ಹಿಟ್ಟನ್ನು ಮೇಲಕ್ಕೆತ್ತಿ, ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಬೆಣ್ಣೆಯ ಚೂರುಗಳನ್ನು ಒತ್ತಿ ಒತ್ತಿ ಚಪ್ಪಟೆ ಮಾಡಿ ಕೆಳಗೆ ಬಿಡುತ್ತಿದ್ದಳು. ನಿಧಾನಕ್ಕೆ ಹಿಟ್ಟಿನ ಬಿಳಿ ಹೋಗಿ ತಿಳಿ ಹಳದಿ ಬಂತು, ಬ್ರೆಡ್ ಪುಡಿಯ ಹಾಗೆ ಉದುರುದುರಾಯಿತು. ಅಲ್ಲಲ್ಲಿ ಬಟಾಣಿಗಿಂತ ಚಿಕ್ಕ ಬೆಣ್ಣೆ ಚೂರು ಉಳಿದಿದ್ದವು. "ಇವನ್ನೂ ಪುಡಿ ಮಾಡ್ಲಾ?" ಅಂದಳು. ಬೇಡ, ಹಾಗೇ ಇರಲಿ ಅಂದೆ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರೇ ಇರುತ್ತದೆ. ಅವನ್‌ನ ಬಿಸಿಗೆ ಆ ಚೂರುಗಳು ಕರಗಿ, ಒಳಗಿನ ನೀರು ಹಬೆಯಾಗಿ, ಅವು ಇದ್ದ ಜಾಗದಲ್ಲೆಲ್ಲ ಪುಟ್ಟ ಪುಟ್ಟ ಪದರ ಬಿಡುತ್ತವೆ.

ಮೇಲೆ ಉದುರಿಸಲು ಒಂದು ಹಿಡಿ ಚೀಸ್ ತೆಗೆದಿಟ್ಟು, ಉಳಿದದ್ದನ್ನು ಹಿಟ್ಟಿಗೆ ಸೇರಿಸಿದೆವು. ನಂತರ ಹಾಲು. ಕೈ ಬೇಡ, ಊಟದ ಚಾಕುವಿನಲ್ಲೇ ನಾಲ್ಕು ಸುತ್ತು ತಿರುಗಿಸಿದರೆ ಹಿಟ್ಟು ಕೂಡಿಕೊಳ್ಳುತ್ತದೆ. ಸ್ವಲ್ಪ ಅಂಟಂಟಾಗಿಯೇ ಇರಬೇಕು, ಒಣಗಿದ ಹಿಟ್ಟಿನಿಂದ ಒಣ ಸ್ಕೋನ್ ಬರುತ್ತದೆ. ಇಲ್ಲಿ ಅವಳ ಕೈ ತಡೆಯುವುದೇ ಕಷ್ಟವಾಯಿತು. ನಾದಿ ನುಣುಪು ಮಾಡಬೇಕು ಅಂತ ಅವಳ ಆಸೆ. "ಸಾಕು ಪುಟ್ಟಿ, ಕೈ ತೆಗಿ" ಅಂತ ಹೇಳುತ್ತಲೇ ಇದ್ದೆ. ನಾದಿದಷ್ಟೂ ಮೈದಾದಲ್ಲಿ ಗ್ಲುಟೆನ್, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್, ಬಿಗಿಯಾಗುತ್ತದೆ. ಬ್ರೆಡ್‌ಗೆ ಅದು ಬೇಕೇ ಬೇಕು, ಸ್ಕೋನ್‌ಗೆ ಬೇಡ. ಹಿಟ್ಟು ಒರಟಾಗಿ, ಬಿರುಕು ಬಿರುಕಾಗಿ ಕಂಡರೆ ಅದೇ ಸರಿ.

ಲಟ್ಟಣಿಗೆ ಕೂಡ ಬೇಕಾಗಲಿಲ್ಲ. ಕೈಯಿಂದಲೇ ಮೆಲ್ಲಗೆ ತಟ್ಟಿ ಎರಡೂವರೆ ಸೆಂಟಿಮೀಟರ್ ದಪ್ಪ ಮಾಡಿದೆವು. ತೆಳ್ಳಗೆ ತಟ್ಟಿದ ಹಿಟ್ಟು ಎತ್ತರ ಬರಲಿ ಅಂದರೆ ಎಲ್ಲಿಂದ ಬರುತ್ತದೆ? ಕಟರನ್ನು ಒಣ ಮೈದಾದಲ್ಲಿ ಅದ್ದಿ ನೇರವಾಗಿ ಕೆಳಗೆ ಒತ್ತಿ ನೇರವಾಗಿ ಎತ್ತಬೇಕು. ತಿರುಚಿದರೆ ಅಂಚು ಅಂಟಿಕೊಂಡು ಸ್ಕೋನ್ ಒಂದು ಕಡೆಗೆ ವಾಲುತ್ತದೆ. ಮೇಲೆ ಹಾಲು ಸವರುವಾಗಲೂ ಅಷ್ಟೇ, ಪಕ್ಕಕ್ಕೆ ಇಳಿಯದ ಹಾಗೆ ನೋಡಿಕೊಳ್ಳಬೇಕು.

12 ನಿಮಿಷ ದಾಟುವ ಹೊತ್ತಿಗೆ ಇಡೀ ಮನೆಯಲ್ಲಿ ಚೀಸ್ ಘಮ. ಅವನ್ ಗಾಜಿಗೆ ಮೂಗು ಒತ್ತಿ ನಿಂತವಳು ಅಲ್ಲಾಡಲಿಲ್ಲ. ಮೇಲೆ ಉದುರಿಸಿದ್ದ ಚೀಸ್ ಗುಳ್ಳೆ ಎದ್ದು, ಕೆಲವು ಕಡೆ ಟ್ರೇಗೆ ಇಳಿದು ಗರಿಗರಿ ಲೇಸಿನ ಥರ ಆಗಿತ್ತು. ಅದನ್ನು ಮೊದಲು ಕಿತ್ತು ತಿಂದದ್ದು ಇಬ್ಬರೂ. ಚೆನ್ನಾಗಿ ಬೆಂದ ಸ್ಕೋನ್‌ಗೆ ಸೊಂಟದ ಹತ್ತಿರ ತಾನಾಗಿ ಒಂದು ಬಿರುಕು ಬಂದಿರುತ್ತದೆ, ಚಾಕು ಹಾಕದೆ ಅಲ್ಲೇ ಹಿಡಿದು ಎರಡಾಗಿ ಬಿಡಿಸಬೇಕು. ಒಳಗೆ ಹಬೆ, ಮೆತ್ತನೆಯ ಹಳದಿ ಪದರ, ಅದರ ಮೇಲೆ ಕರಗಲಿ ಅಂತ ಇನ್ನೊಂದಿಷ್ಟು ಬೆಣ್ಣೆ. ಬೇರೇನೂ ಬೇಡ.

ಅವಳಿಗೆ ಮಾತ್ರ ಬೇಕಂತೆ. ಸಣ್ಣಗೆ ಹೆಚ್ಚಿದ ಈರುಳ್ಳಿ ಎಲೆ ಸೇರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅಂತ ಮೂರನೆಯ ಸ್ಕೋನ್ ಬಿಡಿಸುತ್ತಾ ವಾದ ಮಾಡಿದಳು. ನಾನು ಒಪ್ಪಲಿಲ್ಲ, ಅಷ್ಟು ಒಳ್ಳೆಯ ಚೀಸ್ ಹಾಕಿ ಅದರ ಮೇಲೆ ಇನ್ನೊಂದು ರುಚಿ ಯಾಕೆ? ಸ್ಕೋನ್ ಮಾಡಿದ ದಿನವೇ ರುಚಿ, ಹಾಗಾಗಿ ಕತ್ತರಿಸಿಟ್ಟ ನಾಲ್ಕನ್ನು ಬೇಯಿಸದೆ ಫ್ರೀಜರ್‌ಗೆ ಹಾಕಿದ್ದೇನೆ. ಬೇಕಾದಾಗ ತೆಗೆದು ಹಾಗೇ ಅವನ್‌ಗೆ ಇಟ್ಟರಾಯಿತು, ಕೆಲವು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಮುಂದಿನ ಸಲ ಹಿಟ್ಟನ್ನು ಎರಡು ಪಾಲು ಮಾಡೋಣ ಅಂತ ಒಪ್ಪಂದವಾಗಿದೆ. ಅವಳ ಪಾಲಿಗೆ ಈರುಳ್ಳಿ ಎಲೆ, ನನ್ನದಕ್ಕೆ ಬರೀ ಚೀಸ್.