ಹುಷಾರಿಲ್ಲ ಎಂದು ಬಂದಿ ತಾನಾಗಿ ಬಂದು ಹೇಳಬೇಕಾದರೆ

ಉತ್ತರ ಕರ್ನಾಟಕದ ಒಂದು ಕಾರಾಗೃಹದಲ್ಲಿ ನಾನು ವೈದ್ಯಾಧಿಕಾರಿ. ಜೈಲಿನೊಳಗೆ ಅಂಟುರೋಗ ಕಾಣಿಸಿಕೊಂಡಿತೆಂದರೆ ಹೊರಗಿನವರು ಮೊದಲು ಕೇಳುವುದು ಔಷಧ ಸಾಕಷ್ಟಿದೆಯೇ ಎಂದು. ಚಿಕನ್‌ಪಾಕ್ಸ್‌ಗೆ, ಕಜ್ಜಿಗೆ, ಕ್ಷಯಕ್ಕೆ ಬೇಕಾದ ಔಷಧ ಬಹುಮಟ್ಟಿಗೆ ನಮಗೆ ಸಿಗುತ್ತದೆ. ಸಕಾಲಕ್ಕೆ ಸಿಗದೆ ಹೋಗುವುದು ಸುದ್ದಿ. ನಿನ್ನೆ ರಾತ್ರಿ ಯಾರಿಗೆ ಜ್ವರ ಬಂತು, ಯಾರು ನಿದ್ದೆಗೆಟ್ಟು ಮೈ ಕೆರೆದುಕೊಂಡರು, ಯಾರ ಕೆಮ್ಮು ಎರಡು ವಾರ ದಾಟಿತು ಎಂಬುದು ಬ್ಯಾರಕ್‌ನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಆಸ್ಪತ್ರೆಗೆ ಮಾತ್ರ ಗೊತ್ತಿರುವುದಿಲ್ಲ. ಹೇಳಿದರೆ ನನಗೇ ನಷ್ಟ ಎಂದು ಬಂದಿಗೆ ಅನಿಸಿದರೆ ಆ ಸುದ್ದಿ ನಮ್ಮವರೆಗೆ ಬರುವುದೇ ಇಲ್ಲ.

ಜೈಲಿನ ಒಳಗನ್ನು ಕಾಣದವರಿಗೆ ಒಂದು ಅಂದಾಜು ಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದ ಜೈಲುಗಳಲ್ಲಿ 100 ಜನರ ಜಾಗದಲ್ಲಿ 131 ಜನರಿದ್ದರು. ಅವರಲ್ಲಿ ಶೇಕಡಾ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಂದರೆ ಇವರು ಒಂದೇ ಕಡೆ ವರ್ಷಗಟ್ಟಲೆ ಕದಲದೆ ಕುಳಿತಿರುವವರಲ್ಲ. ಈ ದಿನ ಕೋರ್ಟಿಗೆ ಹೋಗಿ ಬರುತ್ತಾರೆ, ನಾಳೆ ಜಾಮೀನಿನ ಮೇಲೆ ಹೊರಡುತ್ತಾರೆ, ಅವರ ಜಾಗಕ್ಕೆ ಸಂಜೆಯೇ ಹೊಸಬರು ಬರುತ್ತಾರೆ. ಸಂಜೆ ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ಬೆಳಗಿನವರೆಗೆ ಅದೇ ಗಾಳಿ, ಮಗ್ಗುಲಿಗೆ ಮಗ್ಗುಲು ತಾಗಿದ ಅದೇ ಹಾಸಿಗೆಗಳು.

ಚಿಕನ್‌ಪಾಕ್ಸ್ ನನಗೆ ಈ ಕೆಲಸವನ್ನು ಕಲಿಸಿತು. ಒಬ್ಬ ತರುಣ ವಿಚಾರಣಾಧೀನ ಬಂದಿ ಮೈಮೇಲೆ ಗುಳ್ಳೆ ಎದ್ದರೂ ತುಂಬುತೋಳಿನ ಅಂಗಿ ಹಾಕಿಕೊಂಡು, ಹಗಲಲ್ಲೂ ಕಂಬಳಿ ಹೊದ್ದು ಮುಚ್ಚಿಟ್ಟುಕೊಂಡಿದ್ದ. ಮುಖದ ಮೇಲೂ ಎದ್ದಾಗ ವೀಕ್ಷಕರು, ಅಂದರೆ ಬ್ಯಾರಕ್ ಕಾಯುವ ಜೈಲು ಸಿಬ್ಬಂದಿ, ಕಂಡು ಕರೆತಂದರು. ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ತಲೆ ತಗ್ಗಿಸಿ, "ಸರ್, ಗುರುವಾರ ಅವ್ವ ಸಂದರ್ಶನಕ್ಕೆ ಬರುತ್ತಾಳೆ. ಸೆಲ್‌ಗೆ ಹಾಕಿದರೆ ಅವಳು ನನ್ನನ್ನು ನೋಡದೆ ವಾಪಸು ಹೋಗಬೇಕು" ಎಂದ.

ಅವನ ಲೆಕ್ಕ ಸರಿಯಾಗಿಯೇ ಇತ್ತು. ಅಂಟುರೋಗದವರನ್ನು ಆಗ ಇಡುತ್ತಿದ್ದದ್ದು ನಿಯಮ ಮುರಿದವರನ್ನು ಇಡುವ ಸೆಲ್‌ಗಳ ಸಾಲಿನಲ್ಲೇ. ಅಲ್ಲಿಗೆ ಹೋದವನಿಗೆ ಸಂದರ್ಶನವಿಲ್ಲ, ಕ್ಯಾಂಟೀನ್ ಇಲ್ಲ, ಮಾತನಾಡಲು ಒಬ್ಬರಿಲ್ಲ, ಯಾವಾಗ ಹೊರಗೆ ಬಿಡುತ್ತಾರೆ ಎಂಬುದೂ ಗೊತ್ತಿಲ್ಲ. ಶಿಕ್ಷೆಯಾಗಿರುವ ಸಜಾ ಬಂದಿಯಾದರೆ ಅಷ್ಟು ದಿನದ ಕೂಲಿಯೂ ಹೋಯಿತು. ಇನ್ನೊಂದು ಭಯ ಹೊರಗಿನವರಿಗೆ ಹೊಳೆಯುವುದೇ ಇಲ್ಲ: ಬ್ಯಾರಕ್‌ನಲ್ಲಿ ಮಲಗುವ ಜಾಗ. ಕಿಟಕಿಯ ಹತ್ತಿರದ, ಫ್ಯಾನಿನ ಕೆಳಗಿನ, ಶೌಚಾಲಯದಿಂದ ದೂರದ ಜಾಗ ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಒಂದು ವಾರ ಬಿಟ್ಟು ಹೋದರೆ ಬೇರೆಯವರು ಹಾಸಿಗೆ ಹಾಸಿರುತ್ತಾರೆ. ಇಷ್ಟೆಲ್ಲ ಕಳೆದುಕೊಳ್ಳಬೇಕೆಂದು ಗೊತ್ತಿದ್ದರೆ ಯಾರು ತಾನಾಗಿ ಬಂದು ಅಂಗಿ ಬಿಚ್ಚಿ ತೋರಿಸುತ್ತಾರೆ?

ರೋಗದ ಸ್ವಭಾವವಂತೂ ನಮ್ಮ ಪರವಾಗಿಲ್ಲ. ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗುತ್ತದೆ. ಸೋಂಕು ತಗುಲಿದವನಿಗೆ ಅದು ಕಾಣಿಸಿಕೊಳ್ಳಲು 10ರಿಂದ 21 ದಿನ ಹಿಡಿಯುತ್ತದೆ. ಆದ್ದರಿಂದ ರೋಗಿಯನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಮಾತ್ರ. ಆ ಬ್ಯಾರಕ್‌ಗೆ 21 ದಿನ ಹೊಸಬರನ್ನು ಸೇರಿಸಬಾರದು, ಅಲ್ಲಿಂದ ಬೇರೆ ಜೈಲಿಗೆ ಯಾರನ್ನೂ ವರ್ಗಾಯಿಸಬಾರದು, ದಿನವೂ ಎಲ್ಲರ ಮೈ ನೋಡಬೇಕು. ನಡುವೆ ಇನ್ನೊಬ್ಬನಿಗೆ ಎದ್ದರೆ ಎಣಿಕೆ ಮತ್ತೆ ಮೊದಲಿನಿಂದ. ಒಬ್ಬನು ಎರಡು ದಿನ ಮುಚ್ಚಿಟ್ಟರೆ ಇಡೀ ಬ್ಯಾರಕ್‌ನ ದಿಗ್ಬಂಧನ ವಾರಗಟ್ಟಲೆ ಬೆಳೆಯುತ್ತದೆ. ದೊಡ್ಡವರಲ್ಲಿ ಈ ರೋಗ ಮಕ್ಕಳಲ್ಲಿ ಇದ್ದಷ್ಟು ಸೌಮ್ಯವಲ್ಲ, ಶ್ವಾಸಕೋಶಕ್ಕೂ ಇಳಿಯಬಹುದು. ಎಚ್‌ಐವಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಅಸೈಕ್ಲೋವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡಬೇಕಾದರೆ ಗುಳ್ಳೆ ಎದ್ದ ಮೊದಲ 24 ಗಂಟೆಯೊಳಗೆ ಶುರುವಾಗಬೇಕು. ಮುಚ್ಚಿಟ್ಟವನು ಆ ಲಾಭವನ್ನೂ ಕಳೆದುಕೊಳ್ಳುತ್ತಾನೆ.

ಅಧೀಕ್ಷಕರ ಜೊತೆ ಕುಳಿತು ಮಾತನಾಡಿದೆವು. ಭದ್ರತೆಯ ಬಗ್ಗೆ ಅವರಿಗೆ ಆತಂಕವಿತ್ತು, ಅದು ಸಹಜವೇ. ಆದರೂ ಆಸ್ಪತ್ರೆಯ ಪಕ್ಕದಲ್ಲಿದ್ದ, ಕಿಟಕಿ ಇರುವ, ಹಳೆಯ ಸಾಮಾನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು. ಅಲ್ಲಿಗೆ ಬಂದವನು ಜೈಲಿನ ದೂರವಾಣಿಯಲ್ಲಿ ಮನೆಗೆ ಮಾತನಾಡಬಹುದು. ಸಂದರ್ಶನಕ್ಕೆ ಬರಬೇಕಿದ್ದವರಿಗೆ ಮೊದಲೇ ತಿಳಿಸುತ್ತೇವೆ, ದೂರದ ಹಳ್ಳಿಯಿಂದ ಬಸ್ಸಿನ ಖರ್ಚು ಮಾಡಿಕೊಂಡು ಬಂದು ಗೇಟಿನಿಂದ ಹಿಂದಿರುಗುವಂತಾಗಬಾರದು. ಕೋರ್ಟಿನ ದಿನಾಂಕವಿದ್ದರೆ ನನ್ನ ಪತ್ರ ಹೋಗುತ್ತದೆ, ವಿಡಿಯೊ ಮೂಲಕ ಹಾಜರುಪಡಿಸಲು ಕೋರಿಕೆ ಹೋಗುತ್ತದೆ. ಕ್ಯಾಂಟೀನ್ ಸಾಮಾನು ಕೋಣೆಗೇ ಬರುತ್ತದೆ. ಬ್ಯಾರಕ್‌ನಲ್ಲಿ ಅವನ ಜಾಗಕ್ಕೆ ಮುಖ್ಯ ವೀಕ್ಷಕರು ಹೊಣೆ. ಬಾಲ್ಯದಲ್ಲೇ ಚಿಕನ್‌ಪಾಕ್ಸ್ ಬಂದು ಹೋದವರನ್ನು ಕೇಳಿ ಗುರುತಿಸಿ, ಊಟ ಕೊಡುವ ಕೆಲಸವನ್ನು ಅವರಿಗೇ ವಹಿಸಿದೆವು.

ಎಲ್ಲಕ್ಕಿಂತ ಮುಖ್ಯವಾಗಿ, ಯಾವಾಗ ಬಿಡುತ್ತೇವೆ ಎಂಬುದನ್ನು ಒಳಗೆ ಕಾಲಿಟ್ಟ ದಿನವೇ ಹೇಳುತ್ತೇವೆ: ಹೊಸ ಗುಳ್ಳೆ ಏಳುವುದು ನಿಂತು, ಇದ್ದವೆಲ್ಲ ಒಣಗಿ ಹಕ್ಕಳೆ ಕಟ್ಟಿದ ದಿನ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ 30ನೆಯದು ಇದನ್ನೇ ಹೇಳುತ್ತದೆ. ಅಂಟುರೋಗದ ಶಂಕೆ ಇರುವವರನ್ನು ರೋಗ ಹರಡುವ ಅವಧಿಯಲ್ಲಿ ಬೇರೆ ಇರಿಸಿ ಚಿಕಿತ್ಸೆ ಕೊಡಬೇಕು. ಆ ಅವಧಿ ಮುಗಿದ ಮೇಲೂ ಬೀಗ ಹಾಕಿಟ್ಟರೆ ಅದಕ್ಕೆ ವೈದ್ಯಕೀಯ ಕಾರಣ ಯಾವುದೂ ಉಳಿಯುವುದಿಲ್ಲ.

ನಾವು ಯೋಚಿಸದೇ ಇದ್ದ ಒಂದು ಸಂಗತಿಯನ್ನು ಹಿರಿಯ ಸಜಾ ಬಂದಿಯೊಬ್ಬರು ಹೇಳಿದರು. "ಸಾಹೇಬರೇ, ಅಮ್ಮ ಬಂದವರ ಹಾಸಿಗೆಗೆ ಬೇವಿನ ಸೊಪ್ಪು ಹಾಕಲು ಬಿಡಿ. ಹುಡುಗರಿಗೆ ಧೈರ್ಯ ಬರುತ್ತದೆ." ಅಂಗಳದಲ್ಲಿ ಬೇವಿನ ಮರವಿತ್ತು. ಮಾತ್ರೆಯ ಜೊತೆಗೆ ಸೊಪ್ಪೂ ಬಂತು. ಮನೆಯಲ್ಲಿ ಅಮ್ಮ ಬಂದರೆ ಬೇರೆ ಮಲಗಿಸುವುದು, ಹೊರಗಿನವರನ್ನು ಬಿಟ್ಟುಕೊಳ್ಳದಿರುವುದು ನಮ್ಮ ಜನಕ್ಕೆ ಮೊದಲಿನಿಂದ ಗೊತ್ತಿರುವ ನಡವಳಿಕೆ. ಅದನ್ನು ತಡೆಯುವುದಕ್ಕಿಂತ ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದು ನಾನು ನಂಬುತ್ತೇನೆ. ಆ ಮೇಲೆ ಒಂದೆರಡು ಗುಳ್ಳೆ ಇರುವಾಗಲೇ ಬಂದು ತೋರಿಸುವವರು ಕಾಣತೊಡಗಿದರು. ಸೊಳ್ಳೆ ಕಚ್ಚಿದ್ದನ್ನೂ ತೋರಿಸಲು ಬಂದರು. ಅಂಥವರನ್ನು ಗದರಿಸಬಾರದು ಎಂದು ಸಿಬ್ಬಂದಿಗೆ ಹೇಳಿದ್ದೇನೆ.

ಕಜ್ಜಿಯದು ಬೇರೆ ರೀತಿಯ ಪಾಠ. ಬಂದವನಿಗೆ ಪರ್ಮೆತ್ರಿನ್ ಮುಲಾಮು ಕೊಟ್ಟು ಕಳಿಸಿದರೆ ಅವನು ಮತ್ತೆ ಬರುತ್ತಾನೆ. ಔಷಧ ಕೆಟ್ಟದ್ದಲ್ಲ. ಮೊದಲ ಬಾರಿ ತಗುಲಿದವನಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟರವರೆಗೆ ಅವನು ಏನೂ ಇಲ್ಲದವನಂತೆ ಪಕ್ಕದಲ್ಲಿ ಮಲಗಿ ಹಂಚುತ್ತಿರುತ್ತಾನೆ. ತುರಿಕೆ ಇರಲಿ ಬಿಡಲಿ, ಇಡೀ ಬ್ಯಾರಕ್ ಒಂದೇ ಸಂಜೆ ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿಕೊಳ್ಳಬೇಕು, ಬೆಳಿಗ್ಗೆ ಸ್ನಾನ ಮಾಡಬೇಕು, ಒಂದು ವಾರದ ನಂತರ ಇನ್ನೊಮ್ಮೆ. ಇದರಲ್ಲಿ ಕಷ್ಟದ ಭಾಗ ನೀರು. ಅಷ್ಟು ಜನ ಒಂದೇ ಬೆಳಿಗ್ಗೆ ಸ್ನಾನ ಮಾಡುವಷ್ಟು ನೀರು ಟ್ಯಾಂಕಿನಲ್ಲಿ ಇದೆಯೇ ಎಂದು ನೋಡದೆ ದಿನಾಂಕ ಗೊತ್ತು ಮಾಡುವುದು ವ್ಯರ್ಥ. ಬಟ್ಟೆ ಬಿಸಿನೀರಿಗೆ ಹೋಗಬೇಕು. ತೊಳೆಯಲಾಗದ ಕಂಬಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಬದಿಗಿಟ್ಟರೆ ಸಾಕು, ಮನುಷ್ಯರ ಚರ್ಮ ಬಿಟ್ಟರೆ ಕಜ್ಜಿ ತರುವ ಸಣ್ಣ ಹುಳು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ವೀಕ್ಷಕರಿಗೂ ಮುಲಾಮು ಕೊಡುತ್ತೇವೆ, ತುರಿಕೆಯಿರುವ ವೀಕ್ಷಕರ ಮನೆಯವರಿಗೂ ಕೊಡುತ್ತೇವೆ. ಅವರು ಪಾಳಿ ಮುಗಿಸಿ ವಸತಿಗೃಹಕ್ಕೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳುವವರು.

ಗೋಡೆ ರೋಗವನ್ನು ಒಳಗೇ ಇರಿಸುತ್ತದೆ ಎಂಬ ನಂಬಿಕೆ ಹಳೆಯದು, ಅದು ಸುಳ್ಳಾದ ಉದಾಹರಣೆಗಳೂ ಅಷ್ಟೇ ಹಳೆಯವು. 1750ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯಕ್ಕೆ ವಿಚಾರಣೆಗೆ ತಂದ ಕೈದಿಗಳಿಂದ ಜೈಲುಜ್ವರ ಹರಡಿ ನಗರದ ಲಾರ್ಡ್ ಮೇಯರ್ ಮತ್ತು ನ್ಯಾಯಾಧೀಶರೇ ತೀರಿಕೊಂಡರು. ಅದು ಹೇನಿನಿಂದ ಹರಡುವ ಟೈಫಸ್. ನಮ್ಮ ಕಾಲದಲ್ಲಿ, 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಕೋವಿಡ್ ಕಾರಣಕ್ಕೆ ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ರಚಿಸಿ, ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಯಾರನ್ನು ಬಿಡಬಹುದೆಂದು ನಿರ್ಧರಿಸಲು ಹೇಳಿತು. ಜನಸಂದಣಿಯೇ ರೋಗಕಾರಣ ಎಂಬುದನ್ನು ಆ ಆದೇಶ ಒಪ್ಪಿತು. ಕೋವಿಡ್ ಹೋದ ಮೇಲೂ ಆ ಮಾತು ನಿಜವೇ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಡಿ, ಹಿಂದೆ ಶಿಕ್ಷೆಯಾಗಿರದ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಅಧೀಕ್ಷಕರೇ ನ್ಯಾಯಾಲಯಕ್ಕೆ ಬರೆಯಬೇಕು. ಮರಣದಂಡನೆ ಅಥವಾ ಜೀವಾವಧಿಯಂಥ ಪ್ರಕರಣಗಳು, ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇರುವವರು ಇದರಲ್ಲಿ ಬರುವುದಿಲ್ಲ. ಆ ಪಟ್ಟಿ ತಯಾರಾಯಿತೇ ಎಂದು ನಾನು ಕಚೇರಿಯಲ್ಲಿ ಕೇಳುತ್ತಿರುತ್ತೇನೆ. ವೈದ್ಯರಿಗೆ ಇದೇಕೆ ಎನ್ನುವವರಿದ್ದಾರೆ. ಹತ್ತು ಹಾಸಿಗೆ ಕಡಿಮೆಯಾದರೆ ಉಳಿದವರ ನಡುವೆ ಬರುವ ಅಂತರವನ್ನು ಯಾವ ಮಾತ್ರೆಯೂ ಕೊಡಲಾರದು.

ಕ್ಷಯದ ವಿಷಯದಲ್ಲಿ ನಮ್ಮ ದೊಡ್ಡ ತೊಡಕು ಬಿಡುಗಡೆ. ಪತ್ತೆ ಹಚ್ಚುವುದು ಈಗ ಸುಲಭವಾಗಿದೆ. ಬೆಂಗಳೂರಿನಲ್ಲೇ ಅಭಿವೃದ್ಧಿಯಾದ ಟ್ರೂನ್ಯಾಟ್ ಯಂತ್ರ ಒಂದೆರಡು ಗಂಟೆಗಳಲ್ಲಿ ಫಲಿತಾಂಶ ಕೊಡುತ್ತದೆ. ಆದರೆ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಜಾಮೀನಿನ ಆದೇಶ ಸಂಜೆ ಬರುತ್ತದೆ, ಬಂದಿ ಕತ್ತಲಾದ ಮೇಲೆ ಗೇಟು ದಾಟುತ್ತಾನೆ, ಆ ಹೊತ್ತಿಗೆ ಔಷಧದ ಕೋಣೆಗೆ ಬೀಗ ಬಿದ್ದಿರುತ್ತದೆ. ಸ್ವಾತಂತ್ರ್ಯ ಸಿಕ್ಕ ಸಂತೋಷದಲ್ಲಿ ಮಾತ್ರೆ ಯಾರಿಗೆ ನೆನಪಿರುತ್ತದೆ? ನಡುವೆ ನಿಂತ ಚಿಕಿತ್ಸೆಯಿಂದ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟಬಹುದು, ಅದು ಅವನ ಮನೆಯ ಮಕ್ಕಳಿಗೆ ತಗುಲಬಹುದು.

ಈಗ ಚಿಕಿತ್ಸೆಯಲ್ಲಿರುವ ಪ್ರತಿಯೊಬ್ಬ ವಿಚಾರಣಾಧೀನನ ಹೆಸರಿನ ಪೊಟ್ಟಣವನ್ನು ಬಂದಿಯ ಸ್ವಂತ ಬಟ್ಟೆ, ಪರ್ಸು ಇಡುವ ಕಡೆಯಲ್ಲೇ ಇಡುತ್ತೇವೆ. ಅದರಲ್ಲಿ ಕೆಲವು ದಿನಗಳಿಗಾಗುವಷ್ಟು ಮಾತ್ರೆ, ಸರ್ಕಾರದ ಕ್ಷಯರೋಗಿಗಳ ದಾಖಲೆಯಾದ ನಿಕ್ಷಯ್‌ನಲ್ಲಿನ ಅವನ ಸಂಖ್ಯೆ, ಅವನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು ಇರುತ್ತದೆ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕಾಗಿ ಇರುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಸಿಗುತ್ತದೆ, ಅದಕ್ಕೆ ಬ್ಯಾಂಕ್ ಖಾತೆ ಬೇಕು ಎಂದೂ ಚೀಟಿಯಲ್ಲಿ ಬರೆದಿದೆ. ಬಿಡುಗಡೆ ಪುಸ್ತಕಕ್ಕೆ ಸಹಿ ಹಾಕಿಸುವ ವೀಕ್ಷಕರು ಪೊಟ್ಟಣ ಕೊಟ್ಟ ಮೇಲೆಯೇ ಗೇಟು ತೆರೆಯುತ್ತಾರೆ. ಮರುದಿನ ಬೆಳಿಗ್ಗೆ ನಮ್ಮ ಫಾರ್ಮಸಿಸ್ಟ್ ಆ ಊರಿನ ಕ್ಷಯ ಮೇಲ್ವಿಚಾರಕರಿಗೆ ಫೋನ್ ಮಾಡುತ್ತಾರೆ. ಊರು ಬಿಟ್ಟು ಗೋವಾದ ಕಡೆಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ದುಡಿಯಲು ಹೋಗುವವರ ವಿಷಯದಲ್ಲಿ ಇದು ಸಾಲುತ್ತಿಲ್ಲ. ಅವರಿಗಾಗಿ ಜೈಲಿಗೆ ಸೇರಿದ ದಿನವೇ ಮನೆಯವರ, ಮೇಸ್ತ್ರಿಯ, ಪಕ್ಕದ ಮನೆಯವರ ಫೋನ್ ಸಂಖ್ಯೆಗಳನ್ನು ಬರೆದುಕೊಳ್ಳಲು ಶುರು ಮಾಡಿದ್ದೇವೆ.