‘ಅದ್ರಲ್ಲಿ ಅದು ಉಂಟಾ ಟೀಚರ್?’

ಭಾನುವಾರ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಪೂಜೆ ಮುಗಿಸಿ ಹಂದಿ ಮಾಂಸದ ಅಂಗಡಿಯ ಸಾಲಿನಲ್ಲಿ ನಿಂತಿರುತ್ತೇನೆ. ಹಿಂದಿನಿಂದ ಯಾರೋ ಮೊಣಕೈ ಮುಟ್ಟುತ್ತಾರೆ. ‘ಟೀಚರ್, ಒಂದು ಕೇಳ್ಲಿಕ್ಕಿತ್ತು. ಆ ಹೊಸ ಪಿಕ್ಚರ್ ಉಂಟಲ್ಲಾ, ಮಕ್ಕಳಿಗೆ ತೋರಿಸ್ಬಹುದಾ?’ ಆಮೇಲೆ ಆಚೀಚೆ ನೋಡಿ, ದನಿ ಇಳಿಸಿ, ‘ಅಲ್ಲ, ಅದ್ರಲ್ಲಿ ಅದು ಉಂಟಾ?’

‘ಅದು’ ಅಂದರೆ ಯಾವುದು ಎಂದು ಕೇಳಿದರೆ ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬರಿಗೆ ಅದು ಅಂದರೆ ಭೂತ. ಇನ್ನೊಬ್ಬರಿಗೆ ಮುತ್ತು. ಮತ್ತೊಬ್ಬರಿಗೆ ಮಾಟ ಮಂತ್ರ. ಕಳೆದ ತಿಂಗಳು ಒಬ್ಬರ ‘ಅದು’ ಪಾದ್ರಿಯನ್ನು ತಮಾಷೆ ಮಾಡುವ ಸೀನು ಎಂದು ನನಗೆ ಗೊತ್ತಾಗುವಷ್ಟರಲ್ಲಿ ಅವರ ಎರಡು ಕಿಲೋ ಮಾಂಸ ತುಂಡಾಗಿ, ತೂಗಿ, ಚೀಲ ಸೇರಿತ್ತು.

ಹದಿನಾಲ್ಕು ವರ್ಷದಿಂದ ಇದೇ ಪ್ರಶ್ನೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯವಳು. ವಾರದ ದಿನ ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್, ಭಾನುವಾರ ಇಗರ್ಜಿಯಲ್ಲಿ ಕ್ಯಾಟೆಕಿಸಂ (ಕಥೋಲಿಕ ಧರ್ಮಪಾಠ) ಟೀಚರ್. ಅದರ ಮೇಲೆ ಪಿಕ್ಚರ್ ಹುಚ್ಚು. ಈ ಮೂರೂ ಒಬ್ಬಳಲ್ಲೇ ಸೇರಿದ್ದಕ್ಕೆ ಜನ ನನ್ನನ್ನು ಸೆನ್ಸಾರ್ ಬೋರ್ಡಿನ ಕುಂಬಳೆ ಬ್ರಾಂಚ್ ಅಂದುಕೊಂಡಿದ್ದಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಿ.

ಸುಲಭದ ಉತ್ತರ ಮೊದಲು. ನಿಜವಾದ ಸೆನ್ಸಾರ್ ಬೋರ್ಡು ಒಂದು ಉಂಟು. 2023ರಲ್ಲಿ ಕಾನೂನು ತಿದ್ದಿ ಹಳೆಯ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು) ಸರ್ಟಿಫಿಕೇಟನ್ನು ವಯಸ್ಸಿನ ಪ್ರಕಾರ ಮೂರು ಮಾಡಿದ್ದಾರೆ: ಯುಎ 7+, ಯುಎ 13+, ಯುಎ 16+. ಟಿಕೆಟ್ ಬುಕ್ ಮಾಡುವಾಗಲೇ ಕಾಣುತ್ತದೆ. ಅದನ್ನು ನೋಡಿ ಅಂದರೆ, ‘ಅದು ಸರಕಾರದ್ದು ಟೀಚರ್. ನಮಗೆ ನಮ್ಮ ಪ್ರಕಾರ ಬೇಕು.’

ನಮ್ಮ ಪ್ರಕಾರದ್ದೂ ಉಂಟು ಮಾರಾಯ್ರೆ. 1936ರಲ್ಲೇ ಪೋಪ್ ಹನ್ನೊಂದನೆಯ ಪಿಯುಸ್ ಸಿನೆಮಾದ ಬಗ್ಗೆಯೇ ಒಂದು ವಿಶ್ವಪತ್ರ (ಇಡೀ ಧರ್ಮಸಭೆಗೆ ಬರೆಯುವ ಪತ್ರ) ಬರೆದರು. ದೇಶಕ್ಕೊಂದು ಕಚೇರಿ ಮಾಡಿ, ಯಾವ ಪಿಕ್ಚರ್ ಯಾರು ನೋಡಬಹುದು ಎಂದು ಪಟ್ಟಿ ಮಾಡಿ ಜನರಿಗೆ ತಿಳಿಸಿ ಅಂದರು. ಅಮೆರಿಕದ ಕಥೋಲಿಕರು ಆ ಕಾಲಕ್ಕೇ ಎ, ಬಿ, ಸಿ ಎಂದು ಗುರುತು ಹಾಕುತ್ತಿದ್ದರು. ಸಿ ಅಂದರೆ ಆ ಕಡೆ ತಲೆ ಹಾಕಲೇಬಾರದು ಎಂದು. ಇಷ್ಟು ಹೇಳಿದರೆ ಎಲ್ಲರಿಗೂ ಖುಷಿ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1995ರಲ್ಲಿ ಸಿನೆಮಾ ಹುಟ್ಟಿ ನೂರು ವರ್ಷ ಆಯಿತೆಂದು ವ್ಯಾಟಿಕನ್ ಒಳ್ಳೆಯ ಚಿತ್ರಗಳ ಒಂದು ಪಟ್ಟಿ ತಂದಿತು. ಒಟ್ಟು 45 ಚಿತ್ರ. ಅದರಲ್ಲಿ ‘ಗಾಂಧಿ’ ಉಂಟು. ಮಾಟಗಾತಿ ಇರುವ ‘ದಿ ವಿಝರ್ಡ್ ಆಫ್ ಓಝ್’ ಉಂಟು. ರಕ್ತ ಹೀರುವ ಪಿಶಾಚಿಯ ‘ನೊಸ್ಫೆರಾಟು’ ಕೂಡ ಉಂಟು. ಇದನ್ನು ಸಾಲಿನಲ್ಲಿ ಹೇಳಿದಾಗ ಹಿಂದಿನವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, ‘ಅದು ದೊಡ್ಡವರಿಗೆ ಇರ್ಬೇಕು’ ಅಂದರು. ಸರಿ. ಮಕ್ಕಳಿಗೆಂದು ಮಾಡಿದ ಪಟ್ಟಿ ಅಲ್ಲ ಅದು, ಒಪ್ಪುತ್ತೇನೆ.

ಬೈಬಲಾದರೂ ಮಕ್ಕಳ ಕೈಗೆ ಕೊಡುತ್ತೀರಲ್ಲ? ಪ್ರವಾದಿ ಎಲೀಷನ ಬೋಳುತಲೆಯನ್ನು ಅಣಕಿಸಿದ 42 ಹುಡುಗರನ್ನು ಎರಡು ಕರಡಿಗಳು ಸೀಳಿ ಹಾಕಿದ ಕಥೆ ಅದರಲ್ಲಿದೆ. ಯಾಯೇಲಳು ಎಂಬ ಹೆಂಗಸು ಮಲಗಿದ್ದ ಸೇನಾಪತಿ ಸೀಸೆರನ ಕಣತಲೆಗೆ ಗುಡಾರದ ಗೂಟ ಹೊಡೆಯುವುದಿದೆ. ಸೌಲ ರಾಜ ವೇಷ ಮರೆಸಿಕೊಂಡು, ಸತ್ತವರನ್ನು ಕರೆಸುವ ಹೆಂಗಸಿನ ಮನೆಗೆ ರಾತ್ರಿ ಹೋಗುವುದಿದೆ. ಯಾವ ಪ್ಲಸ್ ಕೊಡೋಣ ಇದಕ್ಕೆ?

2022ರಲ್ಲಿ ‘ಕಾಂತಾರ’ ಬಂದಾಗ ಈ ಪ್ರಶ್ನೆ ಕೇಳಿಸಿಕೊಂಡಷ್ಟು ನಾನು ಯಾವಾಗಲೂ ಕೇಳಿಸಿಕೊಂಡಿಲ್ಲ. ‘ಟೀಚರ್, ಅದ್ರಲ್ಲಿ ಭೂತ ಉಂಟಂತೆ!’ ಭೂತ ಉಂಟಂತೆ ಅಂದರೆ ಎಂತದು? ನಮ್ಮ ಮನೆಯ ಹಿಂದಿನ ಗುಡ್ಡದಾಚೆ ವರ್ಷಾ ವರ್ಷ ಕೋಲ, ಅಂದರೆ ಭೂತದ ಆರಾಧನೆ, ನಡೆಯುತ್ತದೆ. ರಾತ್ರಿ ಮಲಗಿದರೆ ಡೋಲು ಕೇಳುತ್ತದೆ. ನನ್ನ ಕ್ಯಾಟೆಕಿಸಂ ಕ್ಲಾಸಿನ ಮಕ್ಕಳಿಗೆ ಯೇಸುವಿನ ಹನ್ನೆರಡು ಮಂದಿ ಪ್ರೇಷಿತರ (ಶಿಷ್ಯರ) ಹೆಸರು ಪೂರ್ತಿ ಬರುವುದಿಲ್ಲ, ಪಂಜುರ್ಲಿ ಭೂತಕ್ಕೂ ಗುಳಿಗ ಭೂತಕ್ಕೂ ಏನು ವ್ಯತ್ಯಾಸ ಎಂದು ಸರಿಯಾಗಿ ಹೇಳುತ್ತವೆ. ನೆರೆಮನೆಯವರ ನಂಬಿಕೆ ಅದು, ನಮ್ಮದಲ್ಲ, ಹಾಗಂತ ತಮಾಷೆ ಮಾಡಬಾರದು. ಮಗುವಿಗೆ ಇಷ್ಟು ಹೇಳಲು ಎರಡು ನಿಮಿಷ ಸಾಕು. ಅದನ್ನು ಥಿಯೇಟರಿಗೆ ಹೋಗುವ ದಾರಿಯಲ್ಲೇ ಹೇಳಬಹುದು.

ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಅದೇ ಪಿಕ್ಚರಿನಲ್ಲಿ ನಾಯಕ ನಾಯಕಿಯ ಸೊಂಟ ಚಿವುಟುತ್ತಾನೆ. ನಾನು ನೋಡಿದ ಶೋನಲ್ಲಿ ಜನ ನಕ್ಕರು. ನನ್ನ ಪಕ್ಕ ಕೂತಿದ್ದ ಹತ್ತು ವರ್ಷದ ಹುಡುಗನೂ ಅಪ್ಪನ ಮುಖ ನೋಡಿದ, ಅಪ್ಪ ನಗುತ್ತಿದ್ದದ್ದು ನೋಡಿ ತಾನೂ ನಕ್ಕ. ಭೂತದ ಬಗ್ಗೆ ನನ್ನನ್ನು ಕೇಳಿದವರಲ್ಲಿ ಒಬ್ಬರೇ ಒಬ್ಬರು ಆ ಸೀನಿನ ಬಗ್ಗೆ ಕೇಳಲಿಲ್ಲ. ಪಿಕ್ಚರ್ ಕೆಟ್ಟದ್ದು ಅನ್ನುತ್ತಿಲ್ಲ, ನಾನು ಎರಡು ಸಲ ನೋಡಿದ್ದೇನೆ. ನಿಮ್ಮ ‘ಅದು’ವಿನ ಪಟ್ಟಿಯಲ್ಲಿ ಇದು ಯಾಕೆ ಇಲ್ಲ ಎಂದು ಕೇಳುತ್ತಿದ್ದೇನೆ.

ಚಾತನಿಗೆ, ಅಂದರೆ ಪಿಶಾಚಿಗೆ, ಹೆದರಿ ಮಗು ಕೆಟ್ಟುಹೋಗುತ್ತದೆ ಅನ್ನುವವರಿಗೆ ನಾನೇ ಸಾಕ್ಷಿ. 1984ರಲ್ಲಿ ಮಲಯಾಳದ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ಬಂತು. ಭಾರತದ ಮೊದಲ ತ್ರೀಡಿ ಪಿಕ್ಚರ್. ನಿರ್ದೇಶಕ ಜಿಜೋ ಪುನ್ನೂಸ್, ನಮ್ಮ ಹಾಗೆ ಕ್ರೈಸ್ತರೇ. ಆಗ ನನಗೆ ಎಂಟು ವರ್ಷ. ಅಜ್ಜಿಗೆ ಪಿಕ್ಚರಿನ ಹೆಸರು ಸರಿಯಾಗಿ ಹೇಳದೆ ಅಪ್ಪ ನಮ್ಮನ್ನು ಕರೆದುಕೊಂಡು ಹೋದರು. ಮಾಂತ್ರಿಕನ ಕಟ್ಟಿನಿಂದ ಬಿಡಿಸಿಕೊಂಡ ಪುಟ್ಟ ಚಾತ, ಅವನ ದೋಸ್ತಿ ಮಾಡುವ ಮಕ್ಕಳು. ಒಂದು ಹಾಡಿನಲ್ಲಿ ಮಕ್ಕಳು ಗೋಡೆ ಮೇಲೆ ನಡೆದು, ಮಾಡಿನಲ್ಲಿ ತಲೆಕೆಳಗಾಗಿ ನಡೆಯುತ್ತಾರೆ. ಮನೆಗೆ ಬಂದು ನಾನು ಹಾಸಿಗೆಯಲ್ಲಿ ಮಲಗಿ ಎರಡೂ ಕಾಲು ಗೋಡೆಗೆ ಒತ್ತಿ ನಡೆದು ನೋಡಿದೆ. ಸುಣ್ಣದ ಗೋಡೆಯಲ್ಲಿ ನನ್ನ ಹೆಜ್ಜೆಯ ಗುರುತು ಮುಂದಿನ ಕ್ರಿಸ್ಮಸ್ಸಿಗೆ ಸುಣ್ಣ ಹೊಡೆಯುವವರೆಗೂ ಇತ್ತು. ಪೆಟ್ಟು ಬಿದ್ದದ್ದು ಗೋಡೆಗಾಗಿ. ಚಾತನಿಗಾಗಿ ಅಲ್ಲ.

ಇನ್ನು ನನ್ನ ತಪ್ಪು ಹೇಳುತ್ತೇನೆ. ಇದನ್ನು ಮಾಂಸದ ಸಾಲಿನಲ್ಲಿ ಯಾರಿಗೂ ಹೇಳಿಲ್ಲ.

ನಾನು ಕ್ಯಾಟೆಕಿಸಂ ಕಲಿಸಲು ಶುರು ಮಾಡಿದ ಹೊಸತು. ತಪಸ್ಸುಕಾಲ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಮಕ್ಕಳಿಗೆ ಯೇಸುವಿನ ಪಾಡು ಮನಸ್ಸಿಗೆ ತಟ್ಟಬೇಕು ಎಂದು ನನಗೇ ಉಮೇದು. ಪ್ರೊಜೆಕ್ಟರ್ ತರಿಸಿ, ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸಿ, 2004ರ ‘ದಿ ಪ್ಯಾಶನ್ ಆಫ್ ದ ಕ್ರೈಸ್ಟ್’ ಹಾಕಿದೆ. ಮುಂದಿನ ಸಾಲಿನಲ್ಲಿ ಮೊದಲ ಕುಮ್ಗಾರಿನ (ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ) ಮಕ್ಕಳು, ಎಂಟು ಒಂಬತ್ತು ವರ್ಷದವರು. ಅಮೆರಿಕದಲ್ಲಿ ಆ ಪಿಕ್ಚರಿಗೆ ಆರ್ ಸರ್ಟಿಫಿಕೇಟ್. ಅಂದರೆ 17 ತುಂಬದವರು ದೊಡ್ಡವರ ಜೊತೆ ಮಾತ್ರ ನೋಡಬೇಕು. ನಾನು ಅದನ್ನು ನೋಡಲೇ ಇಲ್ಲ. ಯೇಸುವಿನ ಪಿಕ್ಚರಿಗೆ ಎಂತ ಸರ್ಟಿಫಿಕೇಟ್ ನೋಡುವುದು? ಯಾರೂ ‘ಅದು ಉಂಟಾ’ ಎಂದೂ ಕೇಳಲಿಲ್ಲ. ನಮ್ಮ ಪಿಕ್ಚರ್ ಅಲ್ವಾ.

ಅದರಲ್ಲಿ ಮಾತೆಲ್ಲ ಅರಮಾಯಿಕ್, ಹೀಬ್ರೂ, ಲ್ಯಾಟಿನ್. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ. ಮೂರನೇ ಕ್ಲಾಸಿನ ಕನ್ನಡ ಮೀಡಿಯಂ ಮಕ್ಕಳಿಗೆ ಅದನ್ನು ಓದಲು ಎಲ್ಲಿ ಬರಬೇಕು? ಯೇಸು ಏನು ಹೇಳಿದರು, ರೋಮನ್ ಅಧಿಪತಿ ಪಿಲಾತ ಯಾಕೆ ಅನುಮಾನಿಸಿದ, ಯಾವುದೂ ಅವಕ್ಕೆ ತಿಳಿಯಲಿಲ್ಲ. ತಿಳಿದದ್ದು ಎರಡೇ. ಹೊಡೆಯುವುದು, ಹೊಡೆಯುವವರು ನಗುವುದು. ಚಾಟಿಯ ಸೀನು ನಿಮಿಷಗಟ್ಟಲೆ ಹೋಗುತ್ತದೆ. ನಾನು ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಭಕ್ತಿ ನನಗೆ ಬಂತು. ಮಕ್ಕಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಮುಖ ಕಾಣಲಿಲ್ಲ.

ಮುಗಿದ ಮೇಲೆ ಒಬ್ಬ ಸಣ್ಣ ಹುಡುಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ. ‘ಟೀಚರ್, ಅವರು ಯಾಕೆ ನಗ್ತಿದ್ರು?’

‘ಅವರು ಕೆಟ್ಟವರು’ ಅಂದೆ. ಬೇರೆ ಎಂತ ಹೇಳುವುದೆಂದು ತೋಚಲಿಲ್ಲ.

ಮುಂದಿನ ಶುಕ್ರವಾರ ಶಿಲುಬೆಯ ಹಾದಿ. ಇಗರ್ಜಿಯ ಗೋಡೆಯಲ್ಲಿ ಹದಿನಾಲ್ಕು ಚಿತ್ರ, ಒಂದೊಂದರ ಎದುರು ನಿಂತು ಪ್ರಾರ್ಥನೆ. ಆ ಹುಡುಗ ಒಂದನ್ನೂ ತಲೆಯೆತ್ತಿ ನೋಡಲಿಲ್ಲ. ನೆಲದ ಟೈಲ್ಸಿನ ಗೆರೆ ತುಳಿಯದ ಹಾಗೆ ಹೆಜ್ಜೆ ಎಣಿಸಿಕೊಂಡು ನಡೆಯುತ್ತಿದ್ದ. ಮಳೆಗಾಲ ಶುರುವಾದರೂ ಹಾಗೇ. ಒಂದು ದಿನ ಅವನ ಅಮ್ಮ ಸಿಕ್ಕಿ ಹೇಳಿದರು, ‘ರಾತ್ರಿ ಎದ್ದು ಕೂತ್ಕೊಳ್ತಾನೆ. ಟೀಚರ್ ತೋರಿಸಿದ್ದಲ್ಲಾ ಅಂತ ನಾವು ಎಂತದೂ ಹೇಳ್ಲಿಲ್ಲ.’ ಬೈದಿದ್ದರೆ ವಾಸಿ ಇತ್ತು.

ಆ ರಾತ್ರಿ ಸುವಾರ್ತೆ (ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಪುಸ್ತಕಗಳು) ತೆಗೆದು ನೋಡಿದೆ. ಚಾಟಿಯಿಂದ ಹೊಡೆಸಿದ್ದನ್ನು ಯೋಹಾನ ಒಂದು ವಾಕ್ಯದಲ್ಲಿ ಮುಗಿಸುತ್ತಾನೆ, 19ನೇ ಅಧ್ಯಾಯದ ಮೊದಲ ವಾಕ್ಯ. ಮತ್ತಾಯನಿಗೆ ಅರ್ಧ ವಾಕ್ಯ ಸಾಕಾಯಿತು. ಲೂಕನಲ್ಲಿ ಹೊಡೆಸಿ ಬಿಟ್ಟುಬಿಡುತ್ತೇನೆ ಎಂಬ ಪಿಲಾತನ ಮಾತು ಮಾತ್ರ ಇದೆ. ಓದುವಾಗ ಮಗು ತನಗೆ ಎಷ್ಟು ತಡೆಯುತ್ತದೋ ಅಷ್ಟನ್ನೇ ಮನಸ್ಸಿನಲ್ಲಿ ಕಾಣುತ್ತದೆ. ಪರದೆ ಹಾಗೆ ಅಳತೆ ನೋಡಿ ತೋರಿಸುವುದಿಲ್ಲ. (ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂದು ಕಾವ್ಯ ಮಾಡಿದ ಗೋವಿಂದ ಪೈಗಳು ನಮ್ಮ ಮಂಜೇಶ್ವರದವರೇ. ಪ್ರೊಜೆಕ್ಟರಿನ ಬಾಡಿಗೆ ಉಳಿಸಿ ಅದರ ನಾಲ್ಕು ಸಾಲು ಓದಿ ಅರ್ಥ ಹೇಳಬಹುದಿತ್ತು. ಹಳಗನ್ನಡದ ಶಬ್ದಕ್ಕೆ ಮಕ್ಕಳು ಆಕಳಿಸುತ್ತಿದ್ದವು, ಅಷ್ಟೇ.)

ಆಮೇಲೆ ನಾನು ಪಿಕ್ಚರ್ ನೋಡುವ ಕ್ರಮ ಬದಲಾಯಿತು. ಅದರಲ್ಲಿ ಏನು ಉಂಟು ಎಂದು ಹುಡುಕುವುದು ಬಿಟ್ಟೆ. ಯಾರು ಯಾರನ್ನು ನೋಡಿ ನಗುತ್ತಾರೆ, ನನ್ನನ್ನು ಯಾರ ಜೊತೆ ನಗಿಸುತ್ತಾರೆ, ಅದನ್ನು ನೋಡುತ್ತೇನೆ. ಕಪ್ಪಗಿರುವವನನ್ನು, ತೊದಲುವವನನ್ನು, ದಪ್ಪ ಹುಡುಗಿಯನ್ನು ಹೀಯಾಳಿಸಿ ನಗಿಸುವ ಎಷ್ಟು ಪಿಕ್ಚರ್ ‘ಫ್ಯಾಮಿಲಿ ಎಂಟರ್‌ಟೈನರ್’ ಎಂದು ಬರುತ್ತವೆ! ಅವುಗಳ ಬಗ್ಗೆ ನನಗೆ ಫೋನೇ ಬರುವುದಿಲ್ಲ. ಮುತ್ತಿಲ್ಲ, ಭೂತ ಇಲ್ಲ, ಪಾದ್ರಿ ಇಲ್ಲ. ಪಾಸ್.

ನಮ್ಮ ಊರಿಗೆ ಇನ್ನೊಂದು ಫಜೀತಿ ಉಂಟು, ಮಂಗಳೂರಿನವರಿಗೆ ಇಲ್ಲದ್ದು. ಮಕ್ಕಳಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ತಾಯಂದಿರಿಗೆ ಅಂಗಡಿ, ಆಸ್ಪತ್ರೆಗೆ ಬೇಕಾದಷ್ಟು ಮಾತ್ರ. ಮಲಯಾಳ ಪಿಕ್ಚರಿನಲ್ಲಿ ಡಬಲ್ ಮೀನಿಂಗ್ ಜೋಕು ಬಂದರೆ ಮಗ ನಗುತ್ತಾನೆ, ಅಮ್ಮನಿಗೆ ತಿಳಿಯುವುದಿಲ್ಲ. ‘ಎಂತಕ್ಕೆ ನಗುದು ನೀನು?’ ಎಂದು ಅಮ್ಮ. ‘ಸುಮ್ನೆ’ ಎಂದು ಮಗ. ಆ ಅಮ್ಮನೇ ಭಾನುವಾರ ನನ್ನ ಹತ್ತಿರ ಬಂದು, ‘ಅದು ಒಳ್ಳೆ ಪಿಕ್ಚರ್ ಟೀಚರ್, ಎಂತದೂ ಇಲ್ಲ’ ಅನ್ನುತ್ತಾರೆ.

ವಾಟ್ಸಾಪಿನಲ್ಲಿ ಕೆಲವರು ಫಿಲಿಪ್ಪಿಯರಿಗೆ ಬರೆದ ಪತ್ರದ 4:8 ಕಳಿಸುತ್ತಾರೆ. ಸತ್ಯವಾದದ್ದು, ಮಾನ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು, ಇವುಗಳ ಮೇಲೆ ಮನಸ್ಸಿಡಿ ಎಂದು. ಸರಿಯಾದ ಮಾತೇ. ಆದರೆ ಪೌಲ ಸೆರೆಯಲ್ಲಿದ್ದು ಬರೆದ ಆ ಪಟ್ಟಿಯಲ್ಲಿ ‘ಶುದ್ಧ’ ನಾಲ್ಕನೆಯದು. ಮೊದಲನೆಯದು ‘ಸತ್ಯ’. ಕುಡಿದು ಬಂದು ಹೆಂಡತಿಗೆ ಹೊಡೆಯುವ ಗಂಡ ಪಿಕ್ಚರಿನಲ್ಲಿದ್ದರೆ ಅದು ಶುದ್ಧವಲ್ಲ, ಸತ್ಯ. ನನ್ನ ಕ್ಲಾಸಿನ ಕೆಲವು ಮಕ್ಕಳಿಗೆ ಅದನ್ನು ನೋಡಲು ಥಿಯೇಟರಿಗೆ ಹೋಗಬೇಕಾಗಿಲ್ಲ.

ಒಂದು ಸಲವಾದರೂ ಯಾರಾದರೂ ನನ್ನ ಮೊಣಕೈ ಮುಟ್ಟಿ ಬೇರೆ ಪ್ರಶ್ನೆ ಕೇಳಬಾರದಾ? ‘ಟೀಚರ್, ನನ್ನ ಮಗಳಿಗೆ ಕತ್ತಲೆ ಅಂದ್ರೆ ಹೆದರಿಕೆ, ಅವಳಿಗೆ ಈ ಪಿಕ್ಚರ್ ಆಗ್ತದಾ?’ ‘ಅಜ್ಜ ತೀರಿಕೊಂಡು ತಿಂಗಳಾಗಿಲ್ಲ, ಮಗನನ್ನು ಇದಕ್ಕೆ ಕರ್ಕೊಂಡು ಹೋಗ್ಬಹುದಾ?’ ಇಂಥದ್ದಕ್ಕೆ ನಾನು ಸಾಲು ಬಿಟ್ಟು, ಪಕ್ಕಕ್ಕೆ ಬಂದು, ಮಾಂಸ ಸಿಗದಿದ್ದರೂ ಚಿಂತೆಯಿಲ್ಲ ಎಂದು ಮಾತಾಡುತ್ತೇನೆ. ಒಂದೇ ಪಿಕ್ಚರ್ ಅಣ್ಣನಿಗೆ ಆಗುತ್ತದೆ, ತಂಗಿಗೆ ಆಗುವುದಿಲ್ಲ. ನಿಮ್ಮ ಮಗು ಯಾವುದಕ್ಕೆ ಹೆದರುತ್ತದೆ ಎಂದು ನನಗೆ ಹೇಗೆ ಗೊತ್ತು? ಅದು ನಿಮ್ಮ ಹಾಸಿಗೆಯ ಪಕ್ಕ ಮಲಗುತ್ತದೆ, ನನ್ನ ಪಕ್ಕ ಅಲ್ಲ.

ಹಾಗಾಗಿ, ಸಾಧ್ಯವಾದರೆ ಮೊದಲು ನೀವು ಒಬ್ಬರೇ ನೋಡಿ ಬನ್ನಿ. ಆಗದಿದ್ದರೆ ಮಗುವಿನ ಪಕ್ಕ ಕೂತು ಪರದೆಗಿಂತ ಜಾಸ್ತಿ ಮಗುವಿನ ಮುಖ ನೋಡಿ. ನಾನು ಹಿಂದೆ ನಿಂತ ಹಾಗೆ ನಿಲ್ಲಬೇಡಿ. ಅಳು ಬಂದರೆ ಎದ್ದು ಹೊರಗೆ ಬನ್ನಿ, ಟಿಕೆಟಿನ ದುಡ್ಡು ಹೋದರೆ ಹೋಗಲಿ. ಬಸ್ಸಿನಲ್ಲಿ ವಾಪಸ್ ಬರುವಾಗ ‘ಹೇಗಿತ್ತು’ ಎಂದು ಕೇಳಬೇಡಿ, ‘ಚೆಂದ ಇತ್ತು’ ಅನ್ನುತ್ತವೆ. ‘ನಿನಗೆ ಯಾರನ್ನು ನೋಡಿ ಪಾಪ ಅನ್ನಿಸಿತು’ ಎಂದು ಕೇಳಿ.

ಇಷ್ಟೆಲ್ಲ ಓದಿಯೂ, ‘ಎಲ್ಲ ಸರಿ ಟೀಚರ್, ಆದ್ರೆ ಅದ್ರಲ್ಲಿ ಅದು ಉಂಟಾ?’ ಎಂದು ಮುಂದಿನ ಭಾನುವಾರ ಕೇಳುವವರು ಇದ್ದೇ ಇರುತ್ತಾರೆ ಎಂದು ಗೊತ್ತು. ಉಂಟು. ಇಂಟರ್‌ವಲ್ ಆಗಿ ಹತ್ತು ನಿಮಿಷಕ್ಕೆ ಬರುತ್ತದೆ. ಆ ಹೊತ್ತಿಗೆ ಮಗುವಿಗೆ ಒಂದಕ್ಕೆ ಬರುತ್ತದೆ, ಹೊರಗೆ ಕರೆದುಕೊಂಡು ಹೋಗಿ.