ಕಾಫಿ ಚೀಲ ಇಳಿಸಿ ನಾನು ಹತ್ತಿದೆ
ಸಂಜೆ ತೋಟದಲ್ಲಿ ಕಾಫಿ ಹಣ್ಣಿನ ಚೀಲ ತೂಗಿ ಮುಗಿದ ಮೇಲೆ, ಸುಮ್ನೆ ನಾನೂ ತೂಕದ ಮಷಿನ್ ಹತ್ತಿ ನಿಂತೆ. 71 ಕೆಜಿ! ಎಲ್ಲರೂ ನಕ್ಕರು. ನನ್ನ ಎತ್ತರ 165 ಸೆಂಟಿಮೀಟರ್. ಎತ್ತರಕ್ಕೆ ತಕ್ಕ ತೂಕದ ಹಳೇ ಲೆಕ್ಕ ಸುಲಭ, ಅದರಲ್ಲಿ 100 ಕಳೆದರೆ ಆಯ್ತು, 65 ಇರಬೇಕಿತ್ತು. ಬಿಎಂಐ ಅನ್ನೋ ಇನ್ನೊಂದು ಲೆಕ್ಕ ಇನ್ನೂ ಜಿಪುಣ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ನನಗೆ 26 ಬರುತ್ತದೆ, ನಮ್ಮ ಭಾರತೀಯರಿಗೆ 23ರ ಒಳಗೇ ಇದ್ದರೆ ಒಳ್ಳೆಯದಂತೆ, ಅಂದರೆ ಹೆಚ್ಚೆಂದರೆ 62 ಕೆಜಿ. ಆದರೆ ಏಣಿ ಹತ್ತಿ ಮೆಣಸು ಕೊಯ್ಯುವವರ ಗಟ್ಟಿ ತೋಳನ್ನೂ ನನ್ನ ಹೊಟ್ಟೆಯ ಕೊಬ್ಬನ್ನೂ ಈ ಲೆಕ್ಕ ಒಂದೇ ಅಂತ ನೋಡುತ್ತದೆ, ಅದು ಅನ್ಯಾಯ ಅಲ್ವಾ? (ನನ್ನದು ಹೊಟ್ಟೆಯೇ, ಅನುಮಾನ ಬೇಡ.) ರಾತ್ರಿಗೆ ಕಡಂಬುಟ್ಟು, ಪಂದಿಕರಿ. ಅವ್ವ ಆಗಲೇ ಎರಡು ಸಲ ಕರೆದಾಯ್ತು.